ಪತ್ತಿನ ಅಂಕವೂ ಎರೆಯ ನಾಡಿನ ರೈತನೂ

'ಪತ್ತು' ಎಂಬ ಮಾತಿಗೆ ನಮ್ಮ ಭಾಗದಲ್ಲಿ ಎರಡು ಅರ್ಥಗಳುಂಟು. ಪತ್ತಿನ ಸಹಕಾರಿ ಸಂಘವೆಂದರೆ ಸಾಲ ಕೊಡುವ ಸಂಘವೆಂದು ಎಲ್ಲರೂ ಬಲ್ಲರು. ಆದರೆ 'ಅವನ ಪತ್ತು ಹೋಯಿತು' ಎಂದು ಪೇಟೆಯಲ್ಲಿ ಯಾರಾದರೂ ಅಂದರೆ ಅವನಿಗೆ ಸಾಲ ಸಿಕ್ಕಲಿಲ್ಲವೆಂದಷ್ಟೇ ಅರ್ಥವಾಗುವದಿಲ್ಲ. ಅವನ ಮಾತನ್ನು ಇನ್ನು ಯಾರೂ ನಂಬರೆಂದೂ ಅರ್ಥವಾಗುವದು. ಸಾಲಕ್ಕೂ ನಂಬಿಕೆಗೂ ಒಂದೇ ಶಬ್ದವನ್ನು ಬಳಸಿದ ನಮ್ಮ ಹಿರಿಯರು ಈ ಎರಡರ ಸಂಬಂಧವನ್ನು ಚೆನ್ನಾಗಿ ಅರಿತಿದ್ದರು. ಇಂದು ಆ ನಂಬಿಕೆಯನ್ನು ಅಳೆಯುವ ಕೆಲಸವು ಊರಿನ ಕಟ್ಟೆಯಿಂದ ಎದ್ದು ದೂರದ ಮುಂಬಯಿಯ ಗಣಕಯಂತ್ರಗಳಿಗೆ ಹೋಗಿದೆ. ಮೂರು ಅಂಕಿಗಳ ಒಂದು ಸಂಖ್ಯೆಯು ರೋಣದ ರೈತನಿಗೆ, ನರಗುಂದದ ವ್ಯಾಪಾರಿಗೆ, ಗಜೇಂದ್ರಗಡದ ನೇಕಾರನಿಗೆ ಸಾಲ ಸಿಕ್ಕುವದೋ ಇಲ್ಲವೋ, ಸಿಕ್ಕರೆ ಎಷ್ಟು ಬಡ್ಡಿಗೆ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುತ್ತಿದೆ. ಜನರು ಅದನ್ನು 'ಸಿಬಿಲ್' ಎಂದು ಕರೆಯುತ್ತಾರೆ. ಅದರ ಹೆಸರು ಕೇಳಿದವರು ಬಹಳ. ಅದರ ರೀತಿಯನ್ನು ತಿಳಿದವರು ಕಡಿಮೆ. ಆದ್ದರಿಂದ ಈ ವಿಷಯವನ್ನು ಕುರಿತು ನಮ್ಮ ವಾಚಕರ ಮುಂದೆ ನಾಲ್ಕು ಮಾತುಗಳನ್ನಿಡುವದು ಅವಶ್ಯವೆಂದು ನಾವು ಭಾವಿಸಿದ್ದೇವೆ.

ಮೊದಲು ಸಂಗತಿಯನ್ನು ಸ್ಪಷ್ಟಪಡಿಸೋಣ. ಸಿಬಿಲ್ ಎಂಬುದು ಸರಕಾರದ ಖಾತೆಯಲ್ಲ, ಅದೊಂದು ಕಂಪನಿ. ಅದು 2000ನೆಯ ಇಸವಿಯಲ್ಲಿ ಸ್ಥಾಪಿತವಾಯಿತು. ಮುಂದೆ 2005ರಲ್ಲಿ ಇಂಥ ಕಂಪನಿಗಳನ್ನು ನಿಯಂತ್ರಿಸುವ ಕಾಯಿದೆಯು ಪಾರ್ಲಿಮೆಂಟಿನಲ್ಲಿ ಮಂಜೂರಾಯಿತು. ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್ ಎಂಬ ನಾಲ್ಕು ಸಂಸ್ಥೆಗಳು ರಿಜರ್ವ್ ಬ್ಯಾಂಕಿನ ಪರವಾನಿಗೆಯಿಂದ ಈ ಕೆಲಸವನ್ನು ನಡೆಸುತ್ತವೆ. ಬ್ಯಾಂಕುಗಳೂ ಹಣಕಾಸಿನ ಕಂಪನಿಗಳೂ ತಮ್ಮ ಪ್ರತಿಯೊಬ್ಬ ಸಾಲಗಾರನ ಲೆಕ್ಕವನ್ನು ಇವುಗಳಿಗೆ ಕಳಿಸಬೇಕು. ಮೊದಲು ತಿಂಗಳಿಗೊಮ್ಮೆ ಕಳಿಸುತ್ತಿದ್ದುದನ್ನು 2025ರ ಜನವರಿ 1ರಿಂದ ಹದಿನೈದು ದಿನಗಳಿಗೊಮ್ಮೆಯಾದರೂ ಕಳಿಸತಕ್ಕದ್ದೆಂದು ರಿಜರ್ವ್ ಬ್ಯಾಂಕು ವಿಧಿಸಿತು. ಆ ಲೆಕ್ಕಗಳಿಂದ 300ರಿಂದ 900ರ ವರೆಗಿನ ಒಂದು ಅಂಕವನ್ನು ತೆಗೆಯುತ್ತಾರೆ. ಅಂಕವು 900ಕ್ಕೆ ಹತ್ತಿರವಾದಷ್ಟೂ ಸಾಲಗಾರನು ನಂಬಿಕಸ್ಥನೆಂದು ಎಣಿಕೆ. 750ಕ್ಕೆ ಮೇಲ್ಪಟ್ಟರೆ ಬ್ಯಾಂಕುಗಳು ಸಾಮಾನ್ಯವಾಗಿ ಸಂತೋಷದಿಂದ ಬಾಗಿಲು ತೆರೆಯುತ್ತವೆ. ಸಾಲ ಕೊಡುವದು ಬಿಡುವದು ಮಾತ್ರ ಬ್ಯಾಂಕಿನ ತೀರ್ಮಾನವೇ ಹೊರತು ಈ ಕಂಪನಿಗಳದಲ್ಲ.

ಈ ಪದ್ಧತಿ ಬರುವ ಮುಂಚೆ ಏನಿತ್ತು? ಸಾವಕಾರನ ಖಾತೆಕೀರ್ದಿ ಇತ್ತು. ಅದರಲ್ಲಿ ಬರೆದುದೇ ವೇದವಾಕ್ಯ. ಓದುಬರಹ ಬಾರದ ರೈತನು ಹೆಬ್ಬೆಟ್ಟು ಒತ್ತಿದ ಮೇಲೆ ಅಸಲು ಎಷ್ಟು, ಬಡ್ಡಿ ಎಷ್ಟು, ತೀರಿದ್ದೆಷ್ಟು ಎಂದು ಕೇಳುವ ಹಾದಿಯೇ ಇರಲಿಲ್ಲ. 1875ರಲ್ಲಿ ಪುಣೆ, ಅಹಮದನಗರ ಜಿಲ್ಲೆಗಳ ರೈತರು ಸಾವಕಾರರ ಮನೆಗಳಿಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟರು. ಅದರ ಫಲವಾಗಿ 1879ರಲ್ಲಿ ದಖನ್ನಿನ ರೈತರ ಪರಿಹಾರದ ಕಾಯಿದೆಯು ಹುಟ್ಟಿತು. ಆ ರೈತರು ಮನುಷ್ಯರಿಗಿಂತ ಹೆಚ್ಚಾಗಿ ಕಾಗದಗಳ ಮೇಲೆ ಕೈಯೆತ್ತಿದರೆಂಬುದನ್ನು ಇತಿಹಾಸಕಾರರು ಗುರುತಿಸಿದ್ದಾರೆ. ತಮ್ಮನ್ನು ಕಟ್ಟಿಹಾಕಿದ ಲೆಕ್ಕವು ತಮಗೇ ಕಾಣದಂತಿದ್ದುದು ಅವರ ಮುಖ್ಯವಾದ ಸಂಕಟವಾಗಿತ್ತು.

ಆ ಸಂಕಟಕ್ಕೆ ನಿಜವಾದ ಉತ್ತರವನ್ನು ಕೊಟ್ಟ ಗೌರವವು ನಮ್ಮ ನೆರೆಯ ಗ್ರಾಮಕ್ಕೇ ಸಲ್ಲುವದು. 1904ರ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದ ಮರುವರ್ಷವೇ, ಅಂದರೆ 1905ರಲ್ಲಿ, ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರಿ ಸಂಘವನ್ನು ಕಟ್ಟಿದರು. ದೇಶದ ಮೊತ್ತಮೊದಲಿನ ಕೃಷಿ ಪತ್ತಿನ ಸಂಘವೆಂದು ಅದು ಇಂದಿಗೂ ಮಾನ್ಯವಾಗಿದೆ. ಜರ್ಮನಿಯ ರೈಫೈಸನ್ ಎಂಬ ಮಹನೀಯನು ಹಳ್ಳಿಗರಿಗಾಗಿ ರೂಪಿಸಿದ ಪದ್ಧತಿಯೇ ಆ ಕಾಯಿದೆಗೆ ಮಾದರಿಯಾಗಿತ್ತು. ಅದರಂತೆ ಗ್ರಾಮದ ಸಂಘಗಳ ಸದಸ್ಯರ ಹೊಣೆಯು ಅಮರ್ಯಾದಿತವಾಗಿರುತ್ತಿತ್ತು. ಎಂದರೆ ಒಬ್ಬನು ಸಾಲ ಮುಳುಗಿಸಿದರೆ ಉಳಿದವರೆಲ್ಲರೂ ತೆರಬೇಕು. ಹೀಗಿರುವಾಗ ಸಾಲ ಕೊಡುವ ಮುಂಚೆ ಸದಸ್ಯರು ನೋಡುತ್ತಿದ್ದುದು ಬೇಡುವವನ ಬಂಗಾರವನ್ನಲ್ಲ, ಅವನ ನಡತೆಯನ್ನು. ಅವನು ದುಡಿಯುವನೋ, ಕುಡಿಯುವನೋ, ಕೊಟ್ಟ ಮಾತಿಗೆ ನಿಲ್ಲುವನೋ ಎಂಬುದನ್ನು ಊರು ಬಲ್ಲದು. ಇದೇ ನಮ್ಮ ನಾಡಿನ ಮೊದಲನೆಯ ಪತ್ತಿನ ಅಂಕ.

ಆದರೆ ಹಿಂದಿನದೆಲ್ಲವೂ ಹೊನ್ನೆಂದು ಹೇಳುವದು ಸತ್ಯಕ್ಕೆ ದೂರವಾದೀತು. ಊರಿನ ತಿಳುವಳಿಕೆಯಲ್ಲಿ ಊರಿನ ಪಕ್ಷಪಾತವೂ ಬೆರೆತಿರುತ್ತಿತ್ತು. ಜಾತಿ, ಪಂಗಡ, ಚುನಾವಣೆಯ ಹಗೆ, ಗೌಡರ ಮುನಿಸು — ಇವೆಲ್ಲವೂ ಸಾಲದ ಅರ್ಜಿಯ ಮೇಲೆ ತಮ್ಮ ಸಹಿಯನ್ನು ಹಾಕುತ್ತಿದ್ದವು. ದೂರದ ಗಣಕಯಂತ್ರಕ್ಕೆ ಅರ್ಜಿದಾರನ ಜಾತಿ ಗೊತ್ತಿಲ್ಲ. ಅವನು ಯಾರಿಗೆ ಮತ ಹಾಕಿದನೆಂಬುದೂ ಗೊತ್ತಿಲ್ಲ. ಕೇರಿಯ ಕೊನೆಯ ಮನೆಯ ಹೆಣ್ಣುಮಗಳು ತನ್ನ ಕಂತುಗಳನ್ನು ತಪ್ಪದೆ ಕಟ್ಟಿದರೆ ಅವಳ ಅಂಕವು ಅಗಸಿಯ ಮುಂದಿನ ವಾಡೆಯವರ ಅಂಕವನ್ನು ಮೀರಬಹುದು. ಇದು ಸಣ್ಣ ಲಾಭವಲ್ಲ. ಆದರೆ ಆ ಯಂತ್ರಕ್ಕೆ ಮಳೆ ಹೋದದ್ದೂ ಗೊತ್ತಾಗುವದಿಲ್ಲವೆಂಬುದು ಅದರ ಇನ್ನೊಂದು ಮಗ್ಗಲು.

ಈಗ ಅಂಕವು ಹೇಗೆ ಏರುವದು, ಹೇಗೆ ಇಳಿಯುವದು ಎಂಬುದನ್ನು ನೋಡೋಣ. ಎಲ್ಲಕ್ಕಿಂತ ಮಿಗಿಲಾದದ್ದು ವಾಯಿದೆಗೆ ಸರಿಯಾಗಿ ಹಣ ಕಟ್ಟುವದು. ಸಿಬಿಲ್ ವರದಿಯಲ್ಲಿ ಪ್ರತಿಯೊಂದು ಸಾಲಕ್ಕೂ ಹಿಂದಿನ 36 ತಿಂಗಳುಗಳ ಪಾವತಿಯ ಚರಿತ್ರೆ ಇರುತ್ತದೆ. ಯಾವ ತಿಂಗಳು ಎಷ್ಟು ದಿನ ತಡವಾಯಿತೆಂಬುದು ಅಲ್ಲಿ ದಾಖಲಾಗಿರುತ್ತದೆ. ಮೊಬೈಲು ಕೊಳ್ಳುವಾಗ ಮಾಡಿದ ಸಣ್ಣ ಸಾಲದಲ್ಲಿ ಕೆಲವೇ ನೂರು ರೂಪಾಯಿ ಉಳಿದು ಮರೆತುಹೋದರೂ ಅದು ಬಾಕಿಯೇ. ಎರಡನೆಯದು, ಸಿಕ್ಕ ಮಿತಿಯನ್ನೆಲ್ಲ ಬರಿದು ಮಾಡದಿರುವದು. ಕ್ರೆಡಿಟ್ ಕಾರ್ಡಿನ ಮಿತಿಯು ಒಂದು ಲಕ್ಷವಿದ್ದರೆ ಮೂವತ್ತು ಸಾವಿರದ ಒಳಗೆ ಖರ್ಚನ್ನು ಇಟ್ಟುಕೊಳ್ಳಬೇಕೆಂದು ತಿಳಿದವರು ಹೇಳುತ್ತಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ನಮ್ಮ ಗಾದೆ. ಹಾಸಿಗೆಗಿಂತ ಕಡಿಮೆ ಚಾಚಬೇಕೆಂಬುದು ಈ ಅಂಕದ ಗಾದೆ. ಮೂರನೆಯದು, ಹಳೆಯ ಲೆಕ್ಕಕ್ಕೆ ಬೆಲೆ ಹೆಚ್ಚು. ಬಹುಕಾಲ ಚೊಕ್ಕಟವಾಗಿ ನಡೆದುಬಂದ ಖಾತೆಯು ಅಂಕವನ್ನು ಎತ್ತಿ ಹಿಡಿಯುತ್ತದೆ. ನಾಲ್ಕನೆಯದು, ಒಂದೇ ವಾರದಲ್ಲಿ ಐದಾರು ಬ್ಯಾಂಕುಗಳ ಬಾಗಿಲು ಬಡಿಯಬಾರದು. ಪ್ರತಿಯೊಂದು ಬ್ಯಾಂಕೂ ಈ ದಪ್ತರವನ್ನು ತೆರೆದು ನೋಡಿದ್ದು ದಾಖಲಾಗುತ್ತದೆ, ಈತನು ಹಣಕ್ಕಾಗಿ ತಹತಹಿಸುತ್ತಿದ್ದಾನೆಂದು ಅರ್ಥಮಾಡಲ್ಪಡುತ್ತದೆ. ತನ್ನ ವರದಿಯನ್ನು ತಾನೇ ನೋಡಿದರೆ ಮಾತ್ರ ಅಂಕವು ಕಡಿಮೆಯಾಗುವದಿಲ್ಲ. ಈ ಒಂದು ತಪ್ಪು ತಿಳುವಳಿಕೆಯಿಂದಲೇ ಎಷ್ಟೋ ಜನರು ತಮ್ಮ ವರದಿಯ ಕಡೆಗೆ ಕಣ್ಣೆತ್ತಿ ನೋಡದಿರುವದು ವಿಷಾದದ ಸಂಗತಿ.

ನೌಕರವರ್ಗದ ನಮ್ಮ ವಾಚಕರಿಗೆ ಜಾಮೀನಿನ ವಿಷಯದಲ್ಲಿ ಒಂದು ಮಾತು. ಕಚೇರಿಯ ಗೆಳೆಯನಿಗಾಗಿ, ಬೀಗರಿಗಾಗಿ ಸಹಿ ಹಾಕುವದು ನಮ್ಮಲ್ಲಿ ದಾಕ್ಷಿಣ್ಯದ ಕೆಲಸವಾಗಿದೆ. ಆದರೆ ಆ ಸಾಲವು ಜಾಮೀನುದಾರನ ವರದಿಯಲ್ಲಿಯೂ ಕಾಣುತ್ತದೆ. ಗೆಳೆಯನು ಕಂತು ತಪ್ಪಿದರೆ ಇವನ ಅಂಕಕ್ಕೂ ಪೆಟ್ಟು ಬೀಳುತ್ತದೆ. 'ಕೊಟ್ಟವ ಕೋಡಂಗಿ, ಇಸಗೊಂಡವ ಈರಭದ್ರ' ಎಂಬ ಗಾದೆಗೆ ಈಗ ಸಹಿ ಹಾಕಿದವನನ್ನೂ ಸೇರಿಸಬೇಕಾಗಿದೆ. ಜಾಮೀನು ನಿಲ್ಲಲೇ ಬಾರದೆಂದು ನಾವು ಹೇಳುವದಿಲ್ಲ. ಹಾಗೆ ಹೇಳಿದರೆ ಬಡವರ ಮಕ್ಕಳ ಎಷ್ಟೋ ಕೆಲಸಗಳು ನಿಂತುಹೋದಾವು. ನಿಂತ ಮೇಲೆ ಆ ಸಾಲವನ್ನು ತನ್ನದೆಂದೇ ತಿಳಿದು ವರ್ಷಕ್ಕೊಮ್ಮೆ ವಿಚಾರಿಸಬೇಕೆಂಬುದಷ್ಟೇ ನಮ್ಮ ಸೂಚನೆ.

ರಾಜಿಯ ವಿಷಯವೂ ಇಂಥದೇ. ಬ್ಯಾಂಕಿನವರು 'ಇಷ್ಟು ಕಟ್ಟಿರಿ, ಉಳಿದದ್ದನ್ನು ಬಿಡುತ್ತೇವೆ' ಎಂದಾಗ ಸಾಲಗಾರನು ಋಣಮುಕ್ತನಾದೆನೆಂದು ಹಿಗ್ಗುತ್ತಾನೆ. ವರದಿಯಲ್ಲಾದರೋ 'ಪೂರ್ತಿ ತೀರಿತು' ಎಂಬುದಕ್ಕೆ ಬದಲಾಗಿ 'ರಾಜಿಯಾಯಿತು' ಎಂಬ ಷರಾ ಬೀಳುತ್ತದೆ. ಮುಂದೆ ಸಾಲ ಕೊಡುವವನ ಕಣ್ಣಿಗೆ ಇವೆರಡೂ ಒಂದೇ ಅಲ್ಲ. ಬೇರೆ ಗತಿಯಿಲ್ಲದಾಗ ರಾಜಿಯು ಅನಿವಾರ್ಯವೇ ಸರಿ. ಆದರೆ ಅದರ ಬೆಲೆಯನ್ನು ತಿಳಿದು ಸಹಿ ಮಾಡಬೇಕು. ಸಾಲವು ಪೂರ್ತಿ ತೀರಿದಾಗ ಬಾಕಿ ಇಲ್ಲವೆಂಬ ಪ್ರಮಾಣಪತ್ರವನ್ನು ಪಡೆಯಬೇಕು, ಉತಾರದ ಮೇಲಿನ ಬೋಜಾ ಕಡಿಮೆ ಮಾಡಿಸಿಕೊಳ್ಳಬೇಕು, ಒತ್ತೆಯಿಟ್ಟ ಕಾಗದಗಳನ್ನು ಮರಳಿ ಇಸಿದುಕೊಳ್ಳಬೇಕು. ಸಾಲ ತೀರಿದ 30 ದಿನಗಳೊಳಗೆ ಆಸ್ತಿಯ ಪತ್ರಗಳನ್ನು ಹಿಂತಿರುಗಿಸದ ಬ್ಯಾಂಕು ತನ್ನ ತಪ್ಪಿನಿಂದಾದ ತಡಕ್ಕೆ ದಿನಕ್ಕೆ 5,000 ರೂಪಾಯಿಯಂತೆ ಪರಿಹಾರ ತೆರಬೇಕೆಂಬ ನಿಯಮವು 2023ರ ಡಿಸೆಂಬರ್ 1ರಿಂದ ಇದೆ.

ಇನ್ನು ರೈತನ ಮಾತು. ಈ ಅಂಕದ ಲೆಕ್ಕವು ತಿಂಗಳಿಗೊಮ್ಮೆ ಪಗಾರ ಎಣಿಸುವವನನ್ನು ಕಣ್ಣಮುಂದಿಟ್ಟುಕೊಂಡು ರಚಿತವಾದದ್ದು. ನಮ್ಮ ಎರೆಯ ನಾಡಿನ ರೈತನಿಗೆ ಹಣ ಬರುವದು ತಿಂಗಳಿಗೊಮ್ಮೆಯಲ್ಲ, ಸುಗ್ಗಿಗೊಮ್ಮೆ. ಮುಂಗಾರಿನ ಹೆಸರು, ಉಳ್ಳಾಗಡ್ಡಿ; ಹಿಂಗಾರಿನ ಬಿಳಿಜೋಳ, ಕಡಲೆ; ನಡುವೆ ಹತ್ತಿ, ಮೆಣಸಿನಕಾಯಿ. ಮಳೆ ತಪ್ಪಿದರೆ ಬೀಜವೂ ಮರಳುವದಿಲ್ಲ. ಮಳೆ ಹೆಚ್ಚಾದರೆ ಉಳ್ಳಾಗಡ್ಡಿಯು ಹೊಲದಲ್ಲಿಯೇ ಕೊಳೆಯುತ್ತದೆ. ಎರಡೂ ಸರಿಯಿದ್ದರೆ ಪೇಟೆಯ ಧಾರಣೆ ಕುಸಿಯುತ್ತದೆ. 2019ರ ಆಗಸ್ಟಿನಲ್ಲಿ ಮಲಪ್ರಭೆಯು ಉಕ್ಕಿ ನರಗುಂದ ತಾಲೂಕಿನ ಕೊಣ್ಣೂರಿಗೂ ರೋಣ ತಾಲೂಕಿನ ಹೊಳೆಆಲೂರಿಗೂ ನುಗ್ಗಿದ್ದನ್ನು ನಾವು ಕಂಡೆವು. ನಾಲ್ಕೇ ವರ್ಷಗಳ ತರುವಾಯ, 2023ರಲ್ಲಿ, ರಾಜ್ಯದ 223 ತಾಲೂಕುಗಳನ್ನು ಬರಪೀಡಿತವೆಂದು ಸರಕಾರವು ಸಾರಬೇಕಾಯಿತು. ಇಂಥಲ್ಲಿ ವಾಯಿದೆ ತಪ್ಪಿದವನನ್ನೂ ಹಣವಿದ್ದು ಕೊಡದವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವದು ನ್ಯಾಯವೇ?

ಕಾನೂನು ಈ ವ್ಯತ್ಯಾಸವನ್ನು ಪೂರ್ತಿ ಮರೆತಿಲ್ಲ. ಅಲ್ಪಾವಧಿಯ ಬೆಳೆಗಳ ಸಾಲವು ಎರಡು ಬೆಳೆಗಾಲಗಳವರೆಗೆ ಬಾಕಿ ನಿಂತ ಮೇಲೆಯೇ ಕೆಟ್ಟ ಸಾಲವೆಂದು ಎಣಿಸಲ್ಪಡುವದು. ಬೇರೆ ಸಾಲಗಳಿಗೆ ಈ ಅವಧಿಯು 90 ದಿನಗಳು ಮಾತ್ರ. ಬರ, ನೆರೆಗಳಿಂದ ಬೆಳೆಯು ಶೇಕಡಾ 33 ಅಥವಾ ಅದಕ್ಕಿಂತ ಹೆಚ್ಚು ಹಾಳಾದಲ್ಲಿ ಸಾಲದ ವಾಯಿದೆಯನ್ನು ಮುಂದೂಡಿ ಹೊಸ ಕಂತುಗಳನ್ನು ಕಟ್ಟಿಕೊಡುವ ಏರ್ಪಾಡೂ ಬಹುಕಾಲದಿಂದ ಇದೆ. ವಾಯಿದೆ ಮೀರುವ ಮುಂಚೆಯೇ ಬ್ಯಾಂಕಿಗೆ ಹೋಗಿ ಈ ಸೌಲಭ್ಯವನ್ನು ಬರವಣಿಗೆಯಲ್ಲಿ ಕೇಳಿದ ರೈತನ ಸ್ಥಿತಿಗೂ, ತಗಾದೆಗೆ ಹೆದರಿ ಬ್ಯಾಂಕಿನ ಬೀದಿಯನ್ನೇ ತಪ್ಪಿಸಿಕೊಂಡು ತಿರುಗುವ ರೈತನ ಸ್ಥಿತಿಗೂ ಬಹಳ ಅಂತರವಿದೆ. ಸಾಲಮನ್ನಾ ಆಗುವದೆಂಬ ಸುದ್ದಿಯನ್ನು ನಂಬಿ, ಕಟ್ಟುವ ಶಕ್ತಿಯಿದ್ದರೂ ಕಟ್ಟದೆ ಕುಳಿತುಕೊಳ್ಳುವದಂತೂ ಕೈಯಾರೆ ಮಾಡಿಕೊಂಡ ಹಾನಿ. ಕೇಂದ್ರವು 2008ರಲ್ಲಿಯೂ ನಮ್ಮ ರಾಜ್ಯವು 2018ರಲ್ಲಿಯೂ ಸಾಲಮನ್ನಾ ಮಾಡಿದ್ದು ನಿಜ. ಆದರೆ ಅದನ್ನು ಕಾಯುತ್ತ ಕಳೆದ ತಿಂಗಳುಗಳೆಲ್ಲ ಲೆಕ್ಕದಲ್ಲಿ ಬಾಕಿಯ ತಿಂಗಳುಗಳೇ. ಇತ್ತ ಕಿಸಾನ್ ಕ್ರೆಡಿಟ್ ಕಾರ್ಡಿನ ಮೂರು ಲಕ್ಷದವರೆಗಿನ ಬೆಳೆಸಾಲವನ್ನು ಕಾಲಕ್ಕೆ ಸರಿಯಾಗಿ ತೀರಿಸಿದವನಿಗೆ ಶೇಕಡಾ 7ರ ಬಡ್ಡಿಯು 4ಕ್ಕೆ ಇಳಿಯುತ್ತದೆ. ಸಹಕಾರಿ ಸಂಘಗಳಲ್ಲಿ ಬಡ್ಡಿಯಿಲ್ಲದ ಬೆಳೆಸಾಲದ ಮಿತಿಯನ್ನು ರಾಜ್ಯ ಸರಕಾರವು 2023ರಲ್ಲಿ ಐದು ಲಕ್ಷಕ್ಕೆ ಏರಿಸಿತು. ವಾಯಿದೆ ತಪ್ಪಿದವನು ಈ ಲಾಭವನ್ನೂ ಕಳೆದುಕೊಳ್ಳುತ್ತಾನೆ, ಅಂಕವನ್ನೂ ಕಳೆದುಕೊಳ್ಳುತ್ತಾನೆ.

ಅಂಕವೇ ಇಲ್ಲದವರ ಪಾಡು ಬೇರೆ. ಗಜೇಂದ್ರಗಡದ ನೇಕಾರನು ಮಾಲೀಕನಿಂದ ನೂಲು ತಂದು ಸೀರೆ ನೇಯ್ದುಕೊಟ್ಟು, ಮುಂಗಡವನ್ನು ಮಜೂರಿಯಲ್ಲಿ ಮುರಿಸಿಕೊಳ್ಳುತ್ತ ಜೀವಮಾನವನ್ನೇ ಪ್ರಾಮಾಣಿಕವಾಗಿ ಸವೆಸಿರಬಹುದು. ಅಡತಿ ಅಂಗಡಿಯ ಉದ್ರಿಯನ್ನು ರೋಣದ ರೈತನು ಸುಗ್ಗಿಗೆ ಸುಗ್ಗಿ ಚುಕ್ತಾ ಮಾಡಿರಬಹುದು. ಇದಾವುದೂ ಆ ದಪ್ತರಕ್ಕೆ ತಲುಪುವದಿಲ್ಲ. ಸಾಲ ಮಾಡದವನೇ ಸುಖಿಯೆಂದು ನಂಬಿ ಬಾಳಿದವನನ್ನು ಆ ದಪ್ತರವು 'ಚರಿತ್ರೆಯಿಲ್ಲದವನು' ಎಂದು ಕರೆಯುತ್ತದೆ. ಇದರಲ್ಲಿ ಸಮಾಧಾನದ ಸಂಗತಿ ಒಂದುಂಟು. ಮೊದಲ ಸಲ ಸಾಲ ಬೇಡುವವರ ಅರ್ಜಿಯನ್ನು ಹಿಂದಿನ ಚರಿತ್ರೆಯಿಲ್ಲವೆಂಬ ಒಂದೇ ಕಾರಣದಿಂದ ತಿರಸ್ಕರಿಸಕೂಡದೆಂದು ರಿಜರ್ವ್ ಬ್ಯಾಂಕು 2025ರ ಜನವರಿಯ ತನ್ನ ನಿರ್ದೇಶನದಲ್ಲಿ ಹೇಳಿದೆ. ಅದೇ ವರ್ಷ ಕೇಂದ್ರ ಸರಕಾರವೂ ಪಾರ್ಲಿಮೆಂಟಿನಲ್ಲಿ ಇದನ್ನೇ ಸ್ಪಷ್ಟಪಡಿಸಿತು. ಯಾವ ಬ್ಯಾಂಕಿನಲ್ಲಿಯಾದರೂ 'ನಿಮಗೆ ಸಿಬಿಲ್ ಇಲ್ಲ, ಹೋಗಿರಿ' ಎಂಬ ಉತ್ತರ ಬಂದರೆ ಈ ನಿರ್ದೇಶನವನ್ನು ಎತ್ತಿ ತೋರಿಸಬೇಕು. ಬೀದಿಯ ವ್ಯಾಪಾರಿಗಳಿಗಾಗಿ 2020ರಲ್ಲಿ ಆರಂಭವಾದ ಸ್ವನಿಧಿ ಯೋಜನೆಯು ಇದಕ್ಕೆ ಒಳ್ಳೆಯ ಮೆಟ್ಟಿಲು. 2025ರಲ್ಲಿ ಪರಿಷ್ಕೃತವಾದಂತೆ ಅದರಲ್ಲಿ ಮೊದಲು 15,000, ಅದನ್ನು ತೀರಿಸಿದರೆ 25,000, ಅದನ್ನೂ ತೀರಿಸಿದರೆ 50,000 ರೂಪಾಯಿ ಸಿಕ್ಕುತ್ತದೆ. ಪತ್ತು ಬೆಳೆಯುವ ಕ್ರಮವೇ ಇದು: ಸಣ್ಣದನ್ನು ಪಡೆದು, ತೀರಿಸಿ, ದೊಡ್ಡದಕ್ಕೆ ಅರ್ಹನಾಗುವದು. ಆದರೆ ಬೇಡದ ಸಾಲವನ್ನು ಅಂಕಕ್ಕಾಗಿಯೇ ಮಾಡುವದು ಮಾತ್ರ ಮೂರ್ಖತನ.

ಅಂಕವು ಕೆಟ್ಟ ಮನೆಗೆ ಬರುವ ಆಪತ್ತು ಯಾವುದೆಂಬುದನ್ನು ಈ ಭಾಗದ ಜನರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬ್ಯಾಂಕಿನ ಬಾಗಿಲು ಮುಚ್ಚಿದೊಡನೆ ಕೈಗಡದವನ ಬಾಗಿಲು ತೆರೆಯುತ್ತದೆ. ಒಂದು ಕಿರುಸಾಲದ ಕಂತಿಗಾಗಿ ಇನ್ನೊಂದು ಕಿರುಸಾಲ, ಅದಕ್ಕಾಗಿ ಮತ್ತೊಂದು. ಕುಟುಂಬದ ತಿಂಗಳ ಆದಾಯದ ಅರ್ಧಕ್ಕಿಂತ ಹೆಚ್ಚು ಸಾಲದ ಕಂತುಗಳಿಗೆ ಹೋಗದಂತೆ ನೋಡಿಕೊಳ್ಳಬೇಕೆಂದು 2022ರಿಂದ ರಿಜರ್ವ್ ಬ್ಯಾಂಕಿನ ನಿಯಮವಿದ್ದರೂ ವಸೂಲಿಯ ಹಿಂಸೆಯು ನಿಲ್ಲದೆ, 2025ರಲ್ಲಿ ರಾಜ್ಯ ಸರಕಾರವು ಬಲವಂತದ ವಸೂಲಿಯನ್ನು ತಡೆಯುವ ಶಾಸನವನ್ನು ತರಬೇಕಾಯಿತು. ಹತ್ತು ವರ್ಷಗಳವರೆಗಿನ ಕಾರಾಗೃಹವಾಸವನ್ನು ಅದು ವಿಧಿಸಿದೆ. ಶಾಸನವು ಮನೆಬಾಗಿಲಿಗೆ ಬಂದ ಗೂಂಡಾನನ್ನು ತಡೆದೀತು. ಆ ಮನೆಗೆ ನ್ಯಾಯದ ಬಡ್ಡಿಯ ಸಾಲವನ್ನು ಅದು ತಂದುಕೊಡಲಾರದು. ತಂದುಕೊಡಬಲ್ಲದ್ದು ಪತ್ತು ಮಾತ್ರ.

ಆದುದರಿಂದ ನಮ್ಮ ಮಹಾಜನರಿಗೆ ನಾವು ಹೇಳುವದಿಷ್ಟು. ನಾಲ್ಕೂ ಕಂಪನಿಗಳಿಂದ ವರ್ಷಕ್ಕೊಂದು ಪೂರ್ಣ ವರದಿಯನ್ನು ಹಣ ಕೊಡದೆ ಪಡೆಯುವ ಹಕ್ಕು 2017ರಿಂದ ಪ್ರತಿಯೊಬ್ಬನಿಗೂ ಇದೆ. ಯುಗಾದಿಗೆ ಹೊಸ ಪಂಚಾಂಗ ನೋಡುವಂತೆ ವರ್ಷಕ್ಕೊಮ್ಮೆ ಈ ವರದಿಯನ್ನು ನೋಡಿರಿ. ಹೆಸರು ಕೂಡಿದ ಬೇರೊಬ್ಬನ ಸಾಲವು ನಿಮ್ಮ ಲೆಕ್ಕಕ್ಕೆ ಬಿದ್ದಿದೆಯೋ, ತೀರಿಸಿದ ಸಾಲವು ಇನ್ನೂ ಬಾಕಿಯೆಂದು ನಿಂತಿದೆಯೋ ಪರೀಕ್ಷಿಸಿರಿ. ಒಂದೇ ಊರಿನಲ್ಲಿ ಒಂದೇ ಹೆಸರಿನ ಐವರು ಇರುವ ನಮ್ಮ ನಾಡಿನಲ್ಲಿ ಇಂಥ ತಪ್ಪು ಅಸಂಭವವಲ್ಲ. ತಪ್ಪು ಕಂಡರೆ ಬ್ಯಾಂಕಿಗೂ ಆ ಕಂಪನಿಗೂ ಬರವಣಿಗೆಯಲ್ಲಿ ದೂರು ಕೊಡಿರಿ. 30 ದಿನಗಳಲ್ಲಿ ಅದು ತೀರ್ಮಾನವಾಗದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರವು ದೂರುದಾರನಿಗೆ ಸಲ್ಲಬೇಕೆಂಬ ನಿಯಮವು 2024ರ ಏಪ್ರಿಲಿನಿಂದ ಜಾರಿಯಲ್ಲಿದೆ. ಅಷ್ಟಕ್ಕೂ ಬಗೆಹರಿಯದಿದ್ದರೆ ರಿಜರ್ವ್ ಬ್ಯಾಂಕಿನ ಲೋಕಪಾಲರು ಈ ಕಂಪನಿಗಳ ಮೇಲಿನ ದೂರುಗಳನ್ನೂ 2022ರಿಂದ ವಿಚಾರಿಸುತ್ತಿದ್ದಾರೆ.

ಅಧಿಕಾರಿವರ್ಗಕ್ಕೂ ಸಂಘಗಳ ಚಾಲಕರಿಗೂ ನಮ್ಮ ಬಿನ್ನಹವು ಮೂರು ಬಗೆಯದು. ಬರ ಸಾರಿದ ವರ್ಷದಲ್ಲಿ ವಾಯಿದೆ ಮುಂದೂಡಿದ ಸಾಲಗಳು ವರದಿಯಲ್ಲಿ ಬಾಕಿಯೆಂದು ಬೀಳದಂತೆ ಶಾಖೆಶಾಖೆಗೂ ಎಚ್ಚರಿಕೆ ಕೊಡಬೇಕು. ಸಾಲವನ್ನು ನಿರಾಕರಿಸಿದಾಗ ಕಾರಣವನ್ನು ಕನ್ನಡದಲ್ಲಿ ಬರೆದುಕೊಡಬೇಕು; ಹಳ್ಳಿಯವನಿಗೆ ತಿಳಿಯದ ಭಾಷೆಯಲ್ಲಿ ಹೇಳಿದ ಕಾರಣವು ಹೇಳದಿದ್ದಂತೆಯೇ. ಮೂರನೆಯದು, ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಲೆಕ್ಕಗಳನ್ನು ಗಣಕಯಂತ್ರಕ್ಕೇರಿಸುವ ಕಾರ್ಯವನ್ನು ಕೇಂದ್ರ ಸರಕಾರವು 2022ರಲ್ಲಿ ಕೈಗೆತ್ತಿಕೊಂಡಿದೆ. ಅಲ್ಲಿ ತಲೆಮಾರುಗಳಿಂದ ತಪ್ಪದೆ ಸಾಲ ತೀರಿಸುತ್ತ ಬಂದ ಸದಸ್ಯನ ಪ್ರಾಮಾಣಿಕತೆಯು ಅವನ ಅಂಕಕ್ಕೆ ಜಮೆಯಾಗುವ ಹಾದಿಯನ್ನು ಈ ಸಂದರ್ಭದಲ್ಲಿಯೇ ತೆರೆಯಬೇಕು. ಕಣಗಿನಹಾಳದವರು 1905ರಲ್ಲಿ ಬೆಲೆ ಕಟ್ಟಿದ ನಡತೆಗೆ ಇಂದಿನ ಲೆಕ್ಕದಲ್ಲಿ ಸ್ಥಾನವಿಲ್ಲದಿರುವದು ಸಹಕಾರದ ತವರುಜಿಲ್ಲೆಗೆ ಶೋಭೆಯಲ್ಲ.

1980ರ ಜುಲೈ 21ರಂದು ನರಗುಂದದಲ್ಲಿ ರೈತರು ಬೀದಿಗಿಳಿದರು. ಮಲಪ್ರಭೆಯ ನೀರು ಸರಿಯಾಗಿ ಮುಟ್ಟದ ಹೊಲಗಳ ಮೇಲೂ ಬೆಟರ್‌ಮೆಂಟ್ ಲೆವಿಯೆಂಬ ಕರದ ಮೊತ್ತವನ್ನು ಕಚೇರಿಯ ಕಾಗದದಲ್ಲಿ ಬರೆದಿಟ್ಟದ್ದು ಅವರ ಕೋಪಕ್ಕೆ ಕಾರಣವಾಯಿತು. ಗೋಲಿಬಾರಾಯಿತು, ಪ್ರಾಣಹಾನಿಯಾಯಿತು, ಆ ಕಿಚ್ಚು ನಾಡಿಗೆಲ್ಲ ಹಬ್ಬಿತು. ಹೊಲವನ್ನು ನೋಡದೆ ಬರೆದ ಅಂಕಿಗಳು ಎಂಥ ಅನಾಹುತಕ್ಕೆ ದಾರಿಯಾಗುವವೆಂಬುದನ್ನು ಆಳುವವರು ಅಲ್ಲಿ ಕಲಿಯಬೇಕಾಗಿತ್ತು. ಪತ್ತಿನ ಅಂಕವು ಆ ಬಗೆಯ ಕರವಲ್ಲ. ಅದು ಸರಿಯಾಗಿ ನಡೆದರೆ ಬಡವನಿಗೆ ಸಾವಕಾರನ ಹಂಗನ್ನು ತಪ್ಪಿಸಬಲ್ಲ ಸಾಧನವೇ ಆಗಿದೆ. ಆದರೆ ತನ್ನ ಹೆಸರಿನ ಮುಂದೆ ಏನು ಬರೆದಿದೆಯೆಂಬುದನ್ನು ಓದಿ, ತಪ್ಪಿದ್ದರೆ ತಿದ್ದಿಸುವ ಜನರಿರುವಲ್ಲಿ ಮಾತ್ರ ಅದು ಸರಿಯಾಗಿ ನಡೆಯುವದು. ಅಕ್ಷರ ಬಲ್ಲ ನಮ್ಮ ವಾಚಕರು ತಮ್ಮ ವರದಿಯ ಜೊತೆಗೆ ಅಕ್ಷರ ಬಾರದ ಒಬ್ಬ ನೆರೆಯವನ ವರದಿಯನ್ನಾದರೂ ಈ ವರ್ಷ ಓದಿ ಹೇಳುವರೆಂದು ನಾವು ಆಶಿಸುತ್ತೇವೆ.